ಡ್ರಮ್ ಇಲ್ಲ, ಬೇಸ್ ಇಲ್ಲ: ವಿಲ್ಲಿ ನೆಲ್ಸನ್‌ನ ‘ಸ್ಪಿರಿಟ್’

ಅಮೆರಿಕದ ಕಂಟ್ರಿ ಸಂಗೀತದ ಹಾಡುಗಾರ ವಿಲ್ಲಿ ನೆಲ್ಸನ್ ಎಂದರೆ ಹೆಚ್ಚಿನವರ ಬಾಯಿಗೆ ಬರುವುದು ಎರಡು ಆಲ್ಬಂ: 1975ರ ‘ರೆಡ್ ಹೆಡೆಡ್ ಸ್ಟ್ರೇಂಜರ್’ ಮತ್ತು 1978ರ ‘ಸ್ಟಾರ್‌ಡಸ್ಟ್’. ಎರಡೂ ದೊಡ್ಡ ಕೆಲಸಗಳೇ, ತಕರಾರಿಲ್ಲ. ಆದರೆ ‘ಸ್ಟಾರ್‌ಡಸ್ಟ್’ ಪೂರ್ತಿ ಬೇರೆಯವರ ಹಳೆಯ ಹಾಡುಗಳು. ‘ಸ್ಟ್ರೇಂಜರ್’ನಲ್ಲಿ ಜನಪ್ರಿಯವಾದ ‘ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್’ ಬರೆದದ್ದು ಫ್ರೆಡ್ ರೋಸ್. ಹಾಡು ಕಟ್ಟುವ ವಿಲ್ಲಿ ಯಾರು, ಗಾಯಕಿ ಪ್ಯಾಟ್ಸಿ ಕ್ಲೈನ್ ಹಾಡಿ ಹೆಸರಾದ ‘ಕ್ರೇಜಿ’ ಬರೆದ ಆ ಮನುಷ್ಯ ಮುಪ್ಪಿನ ಹೊಸ್ತಿಲಲ್ಲಿ ಏನು ಬರೆಯುತ್ತಿದ್ದ ಎಂದು ತಿಳಿಯಬೇಕಾದರೆ ತೆಗೆಯಬೇಕಾದ್ದು 1996ರ ‘ಸ್ಪಿರಿಟ್’. ಅದರ 13 ಟ್ರ್ಯಾಕುಗಳೂ ಆತನವೇ, ನಿರ್ಮಾಣವೂ ಆತನದೇ. ಆಗ ವಯಸ್ಸು 63.

ಆಲ್ಬಂನಲ್ಲಿ ನುಡಿಸಿದವರು ಒಟ್ಟು ನಾಲ್ವರು. ಟ್ರಿಗರ್ ಎಂಬ ನೈಲಾನ್ ತಂತಿಯ ಗಿಟಾರ್ ಹಿಡಿದ ವಿಲ್ಲಿ, ಪಿಯಾನೋದಲ್ಲಿ ಅಕ್ಕ ಬಾಬಿ, ರಿದಂ ಗಿಟಾರ್ ಮತ್ತು ಜೊತೆದನಿಗೆ ಜೋಡಿ ಪೇನ್, ಫಿಡಲ್‌ಗೆ ಜಾನಿ ಗಿಂಬಲ್. ಗಿಂಬಲ್‌ಗೆ ಆಗ 70. 1949ರಲ್ಲೇ ಬಾಬ್ ವಿಲ್ಸ್‌ನ ಟೆಕ್ಸಸ್ ಪ್ಲೇಬಾಯ್ಸ್ ತಂಡ ಸೇರಿದ್ದ, ಕಂಟ್ರಿಗೆ ಜಾಜ್ ಬೆರೆಸಿದ ವೆಸ್ಟರ್ನ್ ಸ್ವಿಂಗ್‌ನಲ್ಲಿ ಪಳಗಿದ ಕೈ. ಡ್ರಮ್ ಇಲ್ಲ, ಬೇಸ್ ಇಲ್ಲ, ಕಂಟ್ರಿ ಎಂದರೆ ಇರಲೇಬೇಕು ಎನ್ನುವ ಸ್ಟೀಲ್ ಗಿಟಾರೂ ಇಲ್ಲ. ಹನ್ನೆರಡನೇ ಟ್ರ್ಯಾಕಿನ ಹೆಸರು ಮಾತ್ರ ‘ಸ್ಪಿರಿಟ್ ಆಫ್ ಇ9’. ಪೆಡಲ್ ಇರುವ ಸ್ಟೀಲ್ ಗಿಟಾರಿಗೆ ಕಂಟ್ರಿಯ ತವರು ನ್ಯಾಶ್‌ವಿಲ್‌ನಲ್ಲಿ ರೂಢಿಯಾಗಿರುವ ಶ್ರುತಿಯ ಹೆಸರೂ ಇ9 ಎಂಬುದನ್ನು ನೆನೆದರೆ ಸಣ್ಣ ನಗು ಬರುತ್ತದೆ.

ಬೇಸ್ ತೆಗೆದ ಮೇಲೆ ಕೆಳಸ್ವರಗಳ ಜಾಗ ತುಂಬುವವರು ಯಾರು? ಇಡೀ ಆಲ್ಬಂ ನಿಂತಿರುವುದು ಈ ಪ್ರಶ್ನೆಯ ಮೇಲೆ. ಮೊದಲ ಸಲ ಕೇಳುವಾಗ ಬಾಬಿಯ ಎಡಗೈಯನ್ನು ಮಾತ್ರ ಹಿಂಬಾಲಿಸಿ. ಚರ್ಚಿನ ಪ್ರಾರ್ಥನಾಗೀತೆಗಳಿಗೆ ನುಡಿಸುತ್ತ ಬೆಳೆದ ಕೈ ಅದು. ಮೂಲಸ್ವರ ಇಟ್ಟು ಸರಿಯುತ್ತದೆ, ಅಲಂಕಾರಕ್ಕೆ ಹೋಗುವುದಿಲ್ಲ. ಎರಡನೇ ಸಲ ಜೋಡಿ ಪೇನ್‌ನ ಸ್ಟ್ರಮ್ಮಿಂಗ್ ಹಿಡಿಯಿರಿ. 1973ರಿಂದ ವಿಲ್ಲಿಯ ಬೆನ್ನಿಗೆ ನಿಂತಿದ್ದ ಪೇನ್ ಇಲ್ಲಿ ಡ್ರಮ್ಮರ್‌ನ ಕೆಲಸ ಮಾಡುತ್ತಾನೆ. ಆತ ಒಂದು ಬೀಟ್ ಜಾರಿದರೂ ಹಿಡಿದುಕೊಳ್ಳಲು ಬೇರೆ ಯಾರೂ ಇಲ್ಲ.

ವಿಲ್ಲಿಯ ಹಾಡುಗಾರಿಕೆಗೆ ಬೇಕಾದ್ದು ಇಂಥ ಅಲುಗದ ನೆಲವೇ. ಆತ ಬೀಟಿನ ಮೇಲೆ ಹಾಡುವವನಲ್ಲ. ಸಾಲನ್ನು ತಡವಾಗಿ ಎತ್ತಿ, ನಡುವೆ ಪದಗಳನ್ನು ಒತ್ತೊತ್ತಾಗಿ ಸೇರಿಸಿ, ಕೊನೆಗೆ ಸರಿಯಾದ ಜಾಗದಲ್ಲಿ ಇಳಿಯುತ್ತಾನೆ. ಕೆಲವೊಮ್ಮೆ ಬೀಟಿಗಿಂತ ಮುಂದೆಯೂ ಓಡುತ್ತಾನೆ. ಕರ್ನಾಟಕ ಸಂಗೀತ ಕೇಳಿ ಬಲ್ಲವರಿಗೆ ಅನಾಗತ, ಅತೀತ ಎಡುಪುಗಳು, ಅಂದರೆ ತಾಳದ ಪೆಟ್ಟಿನ ನಂತರ ಅಥವಾ ಮೊದಲೇ ಹಾಡು ಎತ್ತುವುದು, ಗೊತ್ತಿರುತ್ತವೆ. ಅವುಗಳ ಹತ್ತಿರದ ಅನುಭವ ಇದು. ಆದರೆ ಅಲ್ಲಿ ಎಡುಪು ಕೃತಿಗೆ ಗೊತ್ತುಮಾಡಿದ್ದು, ಪ್ರತಿ ಸಲ ಅದೇ ಜಾಗಕ್ಕೆ ಬರಬೇಕು. ವಿಲ್ಲಿಯದು ಸಾಲಿನಿಂದ ಸಾಲಿಗೆ ಬದಲಾಗುತ್ತದೆ. ‘ಶೀ ಈಸ್ ಗಾನ್’ ಹಾಕಿಕೊಂಡು ಪೇನ್‌ನ ಗಿಟಾರಿಗೆ ಕೈಯಲ್ಲಿ ತಾಳ ಹಾಕಿ, ಹಾಡಿನ ಪದಗಳಿಗಲ್ಲ. ಪ್ರತಿ ಸಾಲಿನ ಮೊದಲ ಪದ ತಟ್ಟಿಗೆ ಎಷ್ಟು ಆಚೀಚೆ ಬೀಳುತ್ತದೆ ಎಂದು ಗಮನಿಸಿದರೆ ಗುಟ್ಟು ಅರ್ಧ ಬಯಲಾಗುತ್ತದೆ.

ಇದನ್ನು ಅನುಕರಿಸಲು ಹೊರಟವರು ಸಾಮಾನ್ಯವಾಗಿ ಎಡವುವುದು ಪಕ್ಕವಾದ್ಯದಲ್ಲಿ. ಹಾಡುಗಾರ ತಡಮಾಡಿದ ಕೂಡಲೇ ಗಿಟಾರಿನವನು ಮರ್ಯಾದೆಗೆ ಕಾಯುತ್ತಾನೆ, ಲಯ ಕುಸಿಯುತ್ತದೆ, ಎರಡು ಚರಣದಲ್ಲಿ ಹಾಡು ಜೋಗುಳವಾಗುತ್ತದೆ. ಒಬ್ಬರೇ ಹಾಡಿ ನುಡಿಸುವವರು ಮೊದಲು ಸ್ಟ್ರಮ್ಮಿಂಗ್ ಮಾತ್ರ ಲಯ ತಟ್ಟುವ ಮೆಟ್ರೊನೋಮ್‌ಗೆ ರೆಕಾರ್ಡ್ ಮಾಡಿಕೊಳ್ಳಲಿ. ಅದರ ಮೇಲೆ ಪದಗಳನ್ನು ಮಾತಾಡುವಂತೆ ಹೇಳಿ ನೋಡಲಿ. ಮಾತು ಸಹಜವಾದ ಮೇಲೆ ಸ್ವರ ಸೇರಿಸಿದರಾಯಿತು. ಮೊದಲಿಗೇ ಹಾಡಿದರೆ ಗಂಟಲು ಬೀಟನ್ನೇ ಹುಡುಕಿಕೊಂಡು ಹೋಗುತ್ತದೆ.

ಇನ್ನು ಟ್ರಿಗರ್. ಮಾರ್ಟಿನ್ ಕಂಪನಿಯ ಎನ್-20, ಕ್ಲಾಸಿಕಲ್ ಮಾದರಿ, 1969ರಲ್ಲಿ 750 ಡಾಲರಿಗೆ ಬಂದದ್ದು. ವಿಲ್ಲಿಯ ಹಳೆಯ ಬಾಲ್ಡ್‌ವಿನ್ ಗಿಟಾರ್ ಮುರಿದಾಗ ನ್ಯಾಶ್‌ವಿಲ್‌ನ ಶಾಟ್ ಜ್ಯಾಕ್ಸನ್ ಅದರ ಪಿಕಪ್ (ತಂತಿಯ ನಾದವನ್ನು ಆಂಪ್ಲಿಫೈಯರ್‌ಗೆ ಕಳಿಸುವ ಭಾಗ) ಕಿತ್ತು ಇದಕ್ಕೆ ಕೂರಿಸಿಕೊಟ್ಟ. ಕ್ಲಾಸಿಕಲ್ ಗಿಟಾರನ್ನು ಬೆರಳಲ್ಲಿ ನುಡಿಸುವುದು ರೂಢಿ, ಆದ್ದರಿಂದ ಅದಕ್ಕೆ ಮರ ಸವೆಯದಂತೆ ಕಾಯುವ ಪಿಕ್‌ಗಾರ್ಡ್ ಹಾಳೆ ಇರುವುದಿಲ್ಲ. ವಿಲ್ಲಿ ನುಡಿಸುವುದು ಫ್ಲಾಟ್‌ಪಿಕ್ ಎಂಬ ಚಪ್ಪಟೆ ಬಿಲ್ಲೆಯಲ್ಲಿ. ಸೌಂಡ್‌ಹೋಲ್ ಪಕ್ಕ ಮರ ಸವೆದು ಎರಡನೇ ತೂತು ಬಿದ್ದದ್ದು ಹಾಗೆ. ನಿಮ್ಮ ನೈಲಾನ್ ಗಿಟಾರಿನಲ್ಲಿ ಪ್ರಯತ್ನಿಸುವುದಾದರೆ ಪಾರದರ್ಶಕ ಪಿಕ್‌ಗಾರ್ಡ್ ಅಂಟಿಸಿಕೊಳ್ಳಿ. ತೂತು ಬಿದ್ದ ಮಾತ್ರಕ್ಕೆ ಆ ನಾದ ಬರುವುದಿಲ್ಲ.

ಆ ನಾದ ‘ಸ್ಪಿರಿಟ್’ನಲ್ಲಿ ಕೇಳಿಸುವಷ್ಟು ಬಿಡಿಯಾಗಿ ಬ್ಯಾಂಡ್ ತುಂಬಿದ ಆಲ್ಬಂಗಳಲ್ಲಿ ಕೇಳಿಸುವುದಿಲ್ಲ. ‘ಮಟಡೋರ್’ನಿಂದ ಆಲ್ಬಂ ತೆರೆದುಕೊಳ್ಳುತ್ತದೆ, ಮಾತಿಲ್ಲದ ಪುಟ್ಟ ತುಣುಕು, ಸ್ಪ್ಯಾನಿಷ್ ಛಾಯೆ. ಜಾಜ್ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್‌ನನ್ನು ಆರಾಧಿಸುವ ವಿಲ್ಲಿ ಇಲ್ಲಿ ಒಂದೊಂದೇ ಸ್ವರವನ್ನು ಗಟ್ಟಿಯಾಗಿ, ಸ್ವಲ್ಪ ಒರಟಾಗಿಯೇ ಕೀಳುತ್ತಾನೆ. ಅದೇ ‘ಮಟಡೋರ್’ ಹದಿಮೂರನೇ ಟ್ರ್ಯಾಕಾಗಿ ಮತ್ತೆ ಬರುತ್ತದೆ. ಪಟ್ಟಿಯಲ್ಲಿ ಹೆಸರು ಎರಡು ಸಲ ಇರುವುದು ತಪ್ಪಲ್ಲ. ನಡುವೆ ‘ಮರಿಯಾಚಿ’, ಆಮೇಲೆ ‘ಸ್ಪಿರಿಟ್ ಆಫ್ ಇ9’. ಹೀಗೆ ನಾಲ್ಕು ಮಾತಿಲ್ಲದವು, ಒಂಬತ್ತು ಹಾಡುಗಳು. ಮಾತಿಲ್ಲದ ತುಣುಕುಗಳು ಉಸಿರಾಟದ ಜಾಗಗಳು, ಶಫಲ್ ಹಾಕಿದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಗಿಟಾರ್ ಕೈಯಲ್ಲಿರುವವರಿಗೆ: ಇ9 ಕಾರ್ಡನ್ನು ದಪ್ಪ ತಂತಿಯಿಂದ ಸಣ್ಣದಕ್ಕೆ 0-2-0-1-0-2 ಎಂದು ಹಿಡಿಯಬಹುದು. ಸುಮ್ಮನೆ ಇ7 ಹಿಡಿದು, ಆಮೇಲೆ ಸಣ್ಣ ತಂತಿಯ ಎರಡನೇ ಫ್ರೆಟ್ ಸೇರಿಸಿ. ಒಂದೇ ಸ್ವರಕ್ಕೆ ಬಣ್ಣ ಬದಲಾಗುವುದು ಕೇಳುತ್ತದೆ.

ಒಂಬತ್ತರಲ್ಲಿ ಎರಡು ಹೊಸವಲ್ಲ. ‘ಐ ಗೆಸ್ ಐ ಹ್ಯಾವ್ ಕಮ್ ಟು ಲಿವ್ ಹಿಯರ್ ಇನ್ ಯುವರ್ ಐಸ್’ 1980ರ ‘ಹನಿಸಕಲ್ ರೋಸ್’ ಸಿನಿಮಾದ ಧ್ವನಿಮುದ್ರಿಕೆಯಲ್ಲಿತ್ತು. ‘ಐಯಾಮ್ ನಾಟ್ ಟ್ರೈಯಿಂಗ್ ಟು ಫರ್ಗೆಟ್ ಯು ಎನಿಮೋರ್’ 1986ರ ‘ದ ಪ್ರಾಮಿಸ್‌ಲ್ಯಾಂಡ್’ನಲ್ಲಿತ್ತು. ಎರಡೂ ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟು ಕೇಳಿ. ಅದೇ ಹಾಡಿಗೆ ವಾದ್ಯ ಕಡಿಮೆಯಾದಾಗ ಪದಗಳಿಗೆ ಎಷ್ಟು ಭಾರ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಪರೀಕ್ಷೆ ಇಲ್ಲ.

ಆಲ್ಬಂನ ಎದೆ ‘ಟೂ ಸಿಕ್ ಟು ಪ್ರೇ’. ಬಹಳ ದಿನ ಪ್ರಾರ್ಥನೆ ಮಾಡದಿದ್ದಕ್ಕೆ ಒಬ್ಬ ದೇವರ ಬಳಿ ಸಬೂಬು ಹೇಳುತ್ತಿದ್ದಾನೆ: ಮೈ ಹುಷಾರಿರಲಿಲ್ಲ, ಅದಕ್ಕೇ. ಭಕ್ತಿಗೀತೆ ಎಂದುಕೊಂಡರೆ ಭಕ್ತಿಗೀತೆ, ಆದರೆ ಧಾಟಿ ಬಹಳ ದಿನ ಫೋನ್ ಮಾಡದ ಹಳೆಯ ಸ್ನೇಹಿತನದು. ಗೋಳಾಟ ಇಲ್ಲ, ನಾಟಕ ಇಲ್ಲ. ಇದರ ನಂತರ ಎರಡು ಟ್ರ್ಯಾಕ್ ದಾಟಿ ‘ವಿ ಡೋಂಟ್ ರನ್’ ಬರುತ್ತದೆ, ತಲೆಬಾಗದವರ ಹಾಡು, ಆಲ್ಬಂನಲ್ಲಿ ರಕ್ತ ಬಿಸಿಯಾಗುವುದು ಇಲ್ಲೇ. ‘ಇಟ್ಸ್ ಎ ಡ್ರೀಮ್ ಕಮ್ ಟ್ರೂ’ ನನ್ನ ಮಟ್ಟಿಗೆ ಸ್ವಲ್ಪ ಸಪ್ಪೆ.

ಇಷ್ಟಾದರೂ ಆಲ್ಬಂ ಏಕೆ ಮೂಲೆ ಸೇರಿತು? 1990ರಲ್ಲಿ ಅಮೆರಿಕದ ತೆರಿಗೆ ಇಲಾಖೆ 1.67 ಕೋಟಿ ಡಾಲರ್ ಬಾಕಿಗಾಗಿ ವಿಲ್ಲಿಯ ಆಸ್ತಿ ಜಪ್ತಿ ಮಾಡಿತ್ತು. ಆ ಸಾಲ ತೀರಿಸಲು ಹೊರಟ ‘ಹೂಲ್ ಬೈ ಮೈ ಮೆಮರೀಸ್’ ಕೂಡ ಬರಿಯ ಧ್ವನಿ ಮತ್ತು ಗಿಟಾರಿನದೇ, ಅದಕ್ಕೊಂದು ಕಥೆಯಿತ್ತು, ಸುದ್ದಿಯಾಯಿತು. 1994ರಲ್ಲಿ ಇನ್ನೊಬ್ಬ ಹಿರಿಯ ಕಂಟ್ರಿ ಗಾಯಕ ಜಾನಿ ಕ್ಯಾಶ್ ಒಂಟಿ ಗಿಟಾರ್ ಹಿಡಿದು ಬಂದಾಗ ಪಕ್ಕದಲ್ಲಿ ರಿಕ್ ರೂಬಿನ್ ಎಂಬ ನಿರ್ಮಾಪಕನ ಹೆಸರಿತ್ತು. ‘ಸ್ಪಿರಿಟ್’ಗೆ ಇಂಥ ಯಾವ ತಲೆಬರಹವೂ ಇಲ್ಲ. ಹೊರತಂದದ್ದು ಐಲ್ಯಾಂಡ್ ರೆಕಾರ್ಡ್ಸ್, ಬಾಬ್ ಮಾರ್ಲಿಯನ್ನು ಜಗತ್ತಿಗೆ ಕೊಟ್ಟ ಸಂಸ್ಥೆ. ಡ್ರಮ್ಮೇ ಇಲ್ಲದ, ಅರವತ್ತು ದಾಟಿದವನ ಹಾಡುಗಳಿಗೆ ಅಂದಿನ ಕಂಟ್ರಿ ರೇಡಿಯೋದಲ್ಲಿ ಜಾಗವಿರಲಿಲ್ಲ. ಅಲ್ಲಿ ಗಾರ್ತ್ ಬ್ರೂಕ್ಸ್, ಶನಾಯಾ ಟ್ವೈನ್ ಕಾಲ ನಡೆಯುತ್ತಿತ್ತು.

ಕೇಳಲು ದುಬಾರಿ ಸಲಕರಣೆ ಬೇಡ, ಆದರೆ ಮೊಬೈಲಿನ ಸ್ಪೀಕರ್ ಬೇಡವೇ ಬೇಡ. ಅದು ಕೆಳಸ್ವರಗಳನ್ನು ನುಂಗುತ್ತದೆ. ಇಲ್ಲಿ ಕೆಳಸ್ವರ ಎಂದರೆ ಬಾಬಿಯ ಎಡಗೈ ಮತ್ತು ಟ್ರಿಗರ್‌ನ ದಪ್ಪ ತಂತಿಗಳು, ಅವು ಹೋದರೆ ಉಳಿಯುವುದು ಮೂಗಿನ ದನಿ ಮಾತ್ರ. ಸಾಧಾರಣ ವೈರ್ಡ್ ಇಯರ್‌ಫೋನ್ ಸಾಕು. ಈಕ್ವಲೈಜರ್‌ನ ಬೇಸ್ ಬೂಸ್ಟ್ ಆಫ್ ಮಾಡಿ, ಇಲ್ಲದ ಬೇಸನ್ನು ಅದು ತರುವುದಿಲ್ಲ, ಪಿಯಾನೋವನ್ನು ಮಂಕು ಮಾಡುತ್ತದೆ ಅಷ್ಟೆ. ಆ್ಯಪ್‌ನಲ್ಲಿ ಬರಿಯ ‘ಸ್ಪಿರಿಟ್’ ಎಂದು ಹುಡುಕಿದರೆ ಬೇರೆ ನೂರು ಸಿಗುತ್ತವೆ, ಕಲಾವಿದನ ಹೆಸರೂ ಸೇರಿಸಿ. ಪೂರ್ತಿ ಕೇಳಲು ಮುಕ್ಕಾಲು ಗಂಟೆಯೂ ಬೇಕಾಗುವುದಿಲ್ಲ.

ಮುಂದೆ ಏನು ಕೇಳಬೇಕು ಎನ್ನುವವರಿಗೆ 1998ರ ‘ಟಿಯಾಟ್ರೊ’. ಡೇನಿಯಲ್ ಲನ್ವಾ ನಿರ್ಮಾಣ, ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್‌ನ ಹಳೆಯ ಸಿನಿಮಾ ಮಂದಿರದಲ್ಲಿ ಮುದ್ರಣ, ಜೊತೆದನಿಗೆ ಎಮಿಲೂ ಹ್ಯಾರಿಸ್, ಕಿವಿ ತುಂಬ ಡ್ರಮ್. ಅಲ್ಲೂ ಬಾಬಿಯ ಎಲೆಕ್ಟ್ರಿಕ್ ಪಿಯಾನೋ ಇದೆ, ಈ ಸಲ ಸ್ವಲ್ಪ ಹುಡುಕಬೇಕು.