ಹತ್ತನೆಯ ತರಗತಿಯ ನಂತರದ ಆಯ್ಕೆ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲೆ ಉಡುಪಿಯ ಮನೆಗಳ ಮಾತುಕತೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಪಿಯುಸಿಯಲ್ಲಿ ಪಿಸಿಎಂಬಿಯೋ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ), ಪಿಸಿಎಂಸಿಯೋ (ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನ)? ಹೆಚ್ಚು ಅಂಕ ಪಡೆದವರು ವಿಜ್ಞಾನಕ್ಕೆ, ಉಳಿದವರು ವಾಣಿಜ್ಯಕ್ಕೆ ಎಂಬ ಅಲಿಖಿತ ನಿಯಮವೇ ಮಾರ್ಗದರ್ಶನದ ಜಾಗದಲ್ಲಿ ಕುಳಿತಿದೆ. ಕಲಾ ವಿಭಾಗದ ಹೆಸರೆತ್ತುವವರಂತೂ ತೀರ ಕಡಿಮೆ.

ನನ್ನ ಅಕ್ಕನ ಮಗಳ ವಿಷಯದಲ್ಲಿ ಹಾಗಾಗದಂತೆ ನೋಡಿಕೊಂಡವರು ಅವಳ ಪ್ರೌಢಶಾಲೆಯ ಶಿಕ್ಷಕಿಯೊಬ್ಬರು. ಅವರು ಇಂಥದ್ದನ್ನೇ ತೆಗೆದುಕೊಳ್ಳಬೇಕೆಂದು ಹೇಳದೆ, ಯಾವ ವಿಷಯ ಬಿಟ್ಟರೆ ಯಾವ ದಾರಿ ಮುಚ್ಚುತ್ತದೆ ಎಂಬುದನ್ನು ತಾಳ್ಮೆಯಿಂದ ವಿವರಿಸಿದರು. ಜೀವಶಾಸ್ತ್ರವನ್ನು ಬಿಟ್ಟರೆ ವೈದ್ಯಕೀಯ ಮಾತ್ರವಲ್ಲ, 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಪದವಿಯೂ ಕೈತಪ್ಪುತ್ತದೆ ಎಂಬುದನ್ನು, ಮಲ್ಪೆ ಮೀನುಗಾರಿಕಾ ಬಂದರಿನ ಸಮೀಪವೇ ಬೆಳೆದ ಆ ಹುಡುಗಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದರೆ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ಸೇರಬಹುದು ಎಂಬ ಮಾಹಿತಿ ನಮ್ಮ ಭಾವನವರಿಗೂ ಹೊಸದಾಗಿತ್ತು. (ಪಾಲಿಟೆಕ್ನಿಕ್ ಎಂದರೆ ಅಂಕ ಕಡಿಮೆ ಬಂದವರ ಆಶ್ರಯವೆಂಬ ಭಾವನೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ, ಅದು ನನಗೆ ಬಹಳ ಬೇಸರ ತರುತ್ತದೆ.)

ಇಂತಹ ಮಾತು ಫಲಿತಾಂಶದ ವಾರದಲ್ಲಿ, ಕಾಲೇಜುಗಳ ಜಾಹೀರಾತು ಮತ್ತು ಪ್ರವೇಶದ ಗಡಿಬಿಡಿಯ ನಡುವೆ ಆಡುವಂಥದ್ದಲ್ಲ. ಒಂಬತ್ತನೆಯ ತರಗತಿಯಲ್ಲೇ, ಹೆತ್ತವರನ್ನೂ ಜೊತೆಗೆ ಕೂರಿಸಿಕೊಂಡು, ನಮ್ಮ ಪ್ರತಿಯೊಂದು ಪ್ರೌಢಶಾಲೆಯೂ ಇದನ್ನು ಮಾಡಬೇಕೆಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.