ಪುಟ್ಟ ಕ್ಯಾಮೆರಾದ ಚಿತ್ರ ಪರೀಕ್ಷೆ: ಅಂಚು ಉಳಿಯಿತು, ಉಣ್ಣೆ ಮಾಯವಾಯಿತು

ಜೇಬಿಗೆ ಹೋಗುವಂಥ ಡಿಜಿಟಲ್ ಕ್ಯಾಮೆರಾ ಎಂಥ ಚಿತ್ರ ಕೊಡುತ್ತದೆ ಅಂತ ಕೂತು ಅಳೆಯುವ ಕೆಲಸ ಒಂದು ಹಂತಕ್ಕೆ ಬಂದಿದೆ. ಲೆನ್ಸ್ ಪರೀಕ್ಷೆ ಮುಗಿಯಿತು. ನಾಯ್ಸ್, ಅಂದರೆ ಚಿತ್ರದಲ್ಲಿ ಮೂಡುವ ಕಾಳುಕಾಳು ಚುಕ್ಕೆಗಳ, ಪರೀಕ್ಷೆ ಹೆಚ್ಚುಕಡಿಮೆ ಮುಗಿದ ಹಾಗೆ. ಬಣ್ಣದ್ದು ಬಾಕಿ ಇದೆ. ನನಗೆ ಅಂಕ ಕೊಡುವುದು ಬೇಕಿಲ್ಲ. ಯಾವ ಸೆಟ್ಟಿಂಗ್‌ನಲ್ಲಿ ಇಟ್ಟುಕೊಂಡು ಓಡಾಡಿದರೆ ಈ ಕ್ಯಾಮೆರಾದಿಂದ ಒಳ್ಳೆಯ ಚಿತ್ರ ಸಿಗುತ್ತದೆ, ಅಷ್ಟು ಗೊತ್ತಾಗಬೇಕು.

ಕ್ಯಾಮೆರಾದ ಬಗ್ಗೆ ಎರಡು ಮಾತು. ಹೆಸರಿಗೆ 1 ಇಂಚಿನ ಸೆನ್ಸರ್, ನಿಜವಾದ ಅಳತೆ 13.2 × 8.8 ಮಿಮೀ. 20 ಮೆಗಾಪಿಕ್ಸೆಲ್, ಅಂದರೆ ಅಡ್ಡಕ್ಕೆ 5472 ಪಿಕ್ಸೆಲ್. ಭಾಗಿಸಿದರೆ ಒಂದೊಂದು ಪಿಕ್ಸೆಲ್ ಸುಮಾರು 2.4 ಮೈಕ್ರಾನ್ ಅಗಲ. ಈ 2.4 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಜೂಮ್ 35 ಮಿಮೀ ಫಿಲ್ಮ್ ಕ್ಯಾಮೆರಾದ 24ರಿಂದ 70 ಮಿಮೀಗೆ ಸಮ, ಲೆನ್ಸ್ ಎಫ್/1.8ರಿಂದ ಶುರು (ಎಫ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್, ಚಿಕ್ಕದು).

ಮೊದಲ ಕೆಲಸ ಗೋಡೆಗೆ ದಿನಪತ್ರಿಕೆ ಅಂಟಿಸುವುದು. ಹಳೆಯ ಉಪಾಯ, ಈಗಲೂ ಕೆಲಸಕ್ಕೆ ಬರುತ್ತದೆ. ಸಣ್ಣ ಅಕ್ಷರ ಮೂಲೆಮೂಲೆಯಲ್ಲೂ ಇರುತ್ತದೆ, ಎಲ್ಲಿ ಮಸುಕಾಯಿತು ಅಂತ ಕಣ್ಣಿಗೇ ಕಾಣುತ್ತದೆ. ಆದರೆ ಕ್ಯಾಮೆರಾ ಗೋಡೆಗೆ ನೆಟ್ಟಗೆ ಮುಖ ಮಾಡಿರಬೇಕು. ಅದಕ್ಕೆ ಕನ್ನಡಿ ಸಾಕು. ಗೋಡೆಯ ಮೇಲೆ, ಪತ್ರಿಕೆಯ ನಡುವೆ, ಒಂದು ಪುಟ್ಟ ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿಯಿರಿ. ಕ್ಯಾಮೆರಾದ ಪರದೆಯಲ್ಲಿ ಅದರದೇ ಲೆನ್ಸ್ ಚೌಕಟ್ಟಿನ ನಟ್ಟನಡುವೆ ಕಂಡರೆ ನೆಟ್ಟಗಿದೆ ಅಂತ ಅರ್ಥ. ಪಕ್ಕಕ್ಕೆ ಸರಿದಿದ್ದರೆ ಟ್ರೈಪಾಡ್ ತಿರುಗಿಸಿ ಸರಿಮಾಡಬೇಕು. ಅಳತೆಪಟ್ಟಿ ಹಿಡಿದು ಒದ್ದಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಉಳಿದ ತಯಾರಿ ಚಿಕ್ಕದು. 2 ಸೆಕೆಂಡಿನ ಟೈಮರ್ ಹಾಕಿದೆ. ಟ್ರೈಪಾಡ್ ಮೇಲೆ ಇರುವುದರಿಂದ ಕೈನಡುಕ ಸರಿದೂಗಿಸುವ ಸ್ಟೆಬಿಲೈಸೇಷನ್ ಆಫ್. ಪ್ರತಿ ಸೆಟ್ಟಿಂಗ್‌ನಲ್ಲೂ ಬೇರೆಬೇರೆಯಾಗಿ ಫೋಕಸ್ ಮಾಡಿಸಿ ಹಲವು ಚಿತ್ರ ತೆಗೆದು, ಅದರಲ್ಲಿ ಚೂಪಾಗಿ ಬಂದದ್ದನ್ನು ಇಟ್ಟುಕೊಂಡೆ. ಆಟೋಫೋಕಸ್ ಒಂದೊಂದು ಸಲ ಕೂದಲೆಳೆಯಷ್ಟು ಹಿಂದೆಮುಂದೆ ನಿಲ್ಲುತ್ತದೆ, ಅದರ ತಪ್ಪನ್ನು ಲೆನ್ಸ್ ಮೇಲೆ ಹಾಕಬಾರದು.

24 ಮಿಮೀಯಲ್ಲಿ ತೆಗೆದ ಚಿತ್ರದಲ್ಲಿ ಕೆಳಗಿನ ಬಲಮೂಲೆ ಉಳಿದ ಮೂರಕ್ಕಿಂತ ಮಸುಕಾಗಿತ್ತು. ಇಂಥದ್ದು ಕಂಡ ತಕ್ಷಣ ಲೆನ್ಸ್ ಸರಿಯಿಲ್ಲ ಅಂದುಬಿಡುವುದು ಸುಲಭ. ಗೋಡೆಯೇ ಸ್ವಲ್ಪ ಉಬ್ಬಿರಬಹುದು, ಪತ್ರಿಕೆ ಎದ್ದಿರಬಹುದು. ಹಾಗಾಗಿ ಕ್ಯಾಮೆರಾವನ್ನು ತಲೆಕೆಳಗು ಮಾಡಿ, ಅಂದರೆ 180 ಡಿಗ್ರಿ ತಿರುಗಿಸಿ, ಮತ್ತೆ ತೆಗೆದೆ. ಈಗ ಮೊದಲು ಮಸುಕಾಗಿದ್ದ ಸುದ್ದಿ ಸಲೀಸಾಗಿ ಓದಲು ಬಂತು, ಎದುರು ಮೂಲೆಯ ಜಾಹೀರಾತಿನ ಅಕ್ಷರ ಕರಗಿತು. ಮಸುಕು ಕ್ಯಾಮೆರಾದ ಜೊತೆಗೇ ತಿರುಗಿತು, ಹಾಗಾಗಿ ದೋಷ ಲೆನ್ಸಿನದೇ. ಲೆನ್ಸಿನೊಳಗಿನ ಯಾವುದೋ ಒಂದು ಗಾಜು ನಡುವಿನ ಗೆರೆಯಿಂದ ಸ್ವಲ್ಪ ಸರಿದು ಅಥವಾ ವಾಲಿ ಕೂತಿದ್ದರೆ ಹೀಗಾಗುತ್ತದೆ. ಜೂಮ್ ಇರುವ ಪುಟ್ಟ ಲೆನ್ಸ್‌ಗಳಲ್ಲಿ ಇದು ಅಪರೂಪವಲ್ಲ. ಎಫ್/4ಕ್ಕೆ ಬಂದರೆ ವ್ಯತ್ಯಾಸ ಬಹಳಷ್ಟು ಕಡಿಮೆಯಾಗುತ್ತದೆ. ನನಗೆ ಅಷ್ಟು ಸಾಕು.

ಹಾಗಾದರೆ ಅಪರ್ಚರ್ ಇನ್ನೂ ಚಿಕ್ಕದು ಮಾಡುತ್ತಾ ಹೋದರೆ ಇನ್ನೂ ಚೆನ್ನಾಗಿ ಬರಬೇಕಲ್ವಾ? ಬರುವುದಿಲ್ಲ. ಬೆಳಕು ಸಣ್ಣ ಕಿಂಡಿಯಲ್ಲಿ ಹಾಯುವಾಗ ಹರಡಿಕೊಳ್ಳುತ್ತದೆ, ಒಂದು ಚುಕ್ಕೆ ಸೆನ್ಸರ್ ಮೇಲೆ ಸಣ್ಣ ತಟ್ಟೆಯಾಗಿ ಬೀಳುತ್ತದೆ. ಹಸಿರು ಬೆಳಕಿಗೆ ಲೆಕ್ಕ ಹಾಕಿದರೆ ಆ ತಟ್ಟೆಯ ಅಗಲ ಎಫ್/4ರಲ್ಲಿ ಸುಮಾರು 5.4 ಮೈಕ್ರಾನ್, ಎಫ್/8ರಲ್ಲಿ 10.7, ಎಫ್/11ರಲ್ಲಿ 14.8. ನಮ್ಮ ಪಿಕ್ಸೆಲ್ 2.4. ಅಂದರೆ ಎಫ್/11ರಲ್ಲಿ ಒಂದು ಚುಕ್ಕೆ ಆರು ಪಿಕ್ಸೆಲ್ ಅಗಲಕ್ಕೆ ಹರಡುತ್ತದೆ. ಎಷ್ಟು ಒಳ್ಳೆಯ ಗಾಜು ಹಾಕಿದರೂ ಇದನ್ನು ತಪ್ಪಿಸಲಾಗದು. ದೊಡ್ಡ ಸೆನ್ಸರ್ ಇರುವವರು ಧೈರ್ಯವಾಗಿ ಬಳಸುವ ಎಫ್/11 ನಮಗೆ ಹೇಳಿದ್ದಲ್ಲ. ನನ್ನ ಚಿತ್ರಗಳಲ್ಲೂ ಎಫ್/4 ಮೇಲುಗೈ, ಎಫ್/5.6 ಅದರ ಹಿಂದೆಯೇ, ಎಫ್/8ರಿಂದ ಮುಂದೆ ಇಡೀ ಚಿತ್ರ ಮೆತ್ತಗಾಯಿತು.

ಇದನ್ನು ಸಂಖ್ಯೆಯಲ್ಲಿ ಹಿಡಿಯಲು ಓರೆ ಅಂಚಿನ ವಿಧಾನ ಬಳಸಿದೆ. ಚಿತ್ರದ ಸ್ಪಷ್ಟತೆ ಅಳೆಯುವ ಐಎಸ್ಒ 12233 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇರುವುದು ಇದೇ. ಕಪ್ಪು ಚೌಕವೊಂದನ್ನು ಮುದ್ರಿಸಿ ಸುಮಾರು 5 ಡಿಗ್ರಿ ವಾಲಿಸಿ ಅಂಟಿಸಬೇಕು. ಅಂಚು ಓರೆಯಾಗಿರುವುದರಿಂದ ಪಿಕ್ಸೆಲ್‌ನ ಒಂದೊಂದು ಸಾಲಿನಲ್ಲೂ ಅದು ಚೂರು ಬೇರೆ ಜಾಗದಲ್ಲಿ ಹಾಯುತ್ತದೆ. ಎಲ್ಲ ಸಾಲುಗಳನ್ನೂ ಸೇರಿಸಿದರೆ ಕಪ್ಪಿನಿಂದ ಬಿಳಿಗೆ ಹೋಗುವ ಇಳಿಜಾರು ಒಂದು ಪಿಕ್ಸೆಲ್‌ಗಿಂತ ಸೂಕ್ಷ್ಮವಾಗಿ ಸಿಗುತ್ತದೆ. ಲೆಕ್ಕವನ್ನು ಎಂಟಿಎಫ್ ಮ್ಯಾಪರ್ ಅನ್ನುವ ಉಚಿತ ತಂತ್ರಾಂಶ ಮಾಡಿಕೊಡುತ್ತದೆ. ಕಾಂಟ್ರಾಸ್ಟ್ ಅರ್ಧಕ್ಕೆ ಇಳಿಯುವಾಗ ಎಷ್ಟು ಸಣ್ಣ ಗೆರೆಗಳವರೆಗೆ ಬಂದಿದ್ದೇವೆ ಅನ್ನುವುದೇ ಎಂಟಿಎಫ್50. ಕಣ್ಣಿಗೆ ಕಂಡ ಕ್ರಮವೇ ಸಂಖ್ಯೆಯಲ್ಲೂ ಬಂತು.

ಇಲ್ಲಿಯವರೆಗೆ ಎಲ್ಲವೂ ಪುಸ್ತಕದಲ್ಲಿ ಇದ್ದಂತೆಯೇ ಆಯಿತು. ನಾಯ್ಸ್ ಪರೀಕ್ಷೆಗೆ ಕೈಹಾಕಿದ ಮೇಲೆ ವಿಷಯ ಆಸಕ್ತಿ ಹುಟ್ಟಿಸಿತು.

ವಿಧಾನ ಹೀಗಿದೆ. ಬೂದು ಕಾರ್ಡ್ ಇಟ್ಟು, ಕಾಗದದ ನಾರು ಲೆಕ್ಕಕ್ಕೆ ಬರದಿರಲಿ ಅಂತ ಬೇಕೆಂದೇ ಫೋಕಸ್ ತಪ್ಪಿಸಿ, ಒಂದೇ ಸೆಟ್ಟಿಂಗ್‌ನಲ್ಲಿ ಎರಡು ಚಿತ್ರ ತೆಗೆಯಬೇಕು. ಒಂದರಿಂದ ಇನ್ನೊಂದನ್ನು ಕಳೆದರೆ ದೀಪದ ಏರುಪೇರು, ಮೂಲೆಯ ಮಬ್ಬು ಎಲ್ಲ ಹೋಗಿ ಬರೀ ನಾಯ್ಸ್ ಉಳಿಯುತ್ತದೆ. ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ (ಏರುಪೇರಿನ ಅಳತೆ) ತೆಗೆದು 2ರ ವರ್ಗಮೂಲವಾದ 1.41ರಿಂದ ಭಾಗಿಸಿದರೆ ಒಂದು ಚಿತ್ರದ ಪಾಲು ಬಂತು. ಶಟರ್ ವೇಗವನ್ನು 1/50 ಸೆಕೆಂಡಿಗಿಂತ ನಿಧಾನ ಇಟ್ಟುಕೊಂಡೆ, ಇಲ್ಲದಿದ್ದರೆ ಕೆಲವು ಎಲ್‌ಇಡಿ ದೀಪಗಳ ಮಿಣುಕು ಪಟ್ಟೆಪಟ್ಟೆಯಾಗಿ ಮೂಡಿ ಲೆಕ್ಕ ಕೆಡಿಸುತ್ತದೆ.

ರಾ ಫೈಲ್‌ಗಳು, ಅಂದರೆ ಸೆನ್ಸರ್ ಕೊಟ್ಟ ಮಾಹಿತಿ ಹಾಗೇ ಉಳಿದಿರುವ ಫೈಲ್‌ಗಳು, ಸರಿಯಾಗಿ ಉತ್ತರ ಕೊಟ್ಟವು. ಐಎಸ್ಒ (ಇಲ್ಲಿ ಮಾನದಂಡವಲ್ಲ, ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್) ದುಪ್ಪಟ್ಟಾದಾಗಲೆಲ್ಲ ಸೆನ್ಸರ್‌ಗೆ ಬೀಳುವ ಬೆಳಕು ಅರ್ಧ, ಸಿಗ್ನಲ್‌ಗೂ ನಾಯ್ಸ್‌ಗೂ ಇರುವ ಅನುಪಾತ ಸುಮಾರು 1.4 ಪಟ್ಟು ಇಳಿಕೆ. ಬೆಳಕಿನ ಕಣಗಳು ಸಮವಾಗಿ ಬೀಳುವುದಿಲ್ಲ, ಬಿದ್ದ ಕಣಗಳ ವರ್ಗಮೂಲದಷ್ಟು ಏರುಪೇರು ಇದ್ದೇ ಇರುತ್ತದೆ. ಅದರ ಲೆಕ್ಕ ಇದು. ಕ್ಯಾಮೆರಾವೇ ಸಂಸ್ಕರಿಸಿ ಕೊಡುವ ಜೆಪೆಗ್ ಮಾತ್ರ ಬೇರೆಯೇ ಕಥೆ ಹೇಳಿತು. ಐಎಸ್ಒ 125ರಿಂದ 1600ರವರೆಗೆ ನಾಯ್ಸ್ ಹೆಚ್ಚೇನೂ ಏರಲಿಲ್ಲ. ಓರೆ ಅಂಚಿನ ಅಂಕವೂ ಇಳಿಯಲಿಲ್ಲ. ಸುಮ್ನೆ ಈ ಎರಡು ಪಟ್ಟಿ ನೋಡಿದವರು ಐಎಸ್ಒ 1600 ಕೂಡ 125ರಷ್ಟೇ ಚೆನ್ನಾಗಿದೆ ಅನ್ನುತ್ತಾರೆ.

ಹೋದ ನಾಯ್ಸ್ ಎಲ್ಲಿಗೆ ಹೋಯಿತು, ಅದರ ಜೊತೆ ಇನ್ನೇನು ಹೋಯಿತು ಅಂತ ನೋಡಲು ಒಂದು ಬೂದು ಉಣ್ಣೆಯ ಟೋಪಿ ತಂದು ಓರೆ ಚೌಕದ ಪಕ್ಕದಲ್ಲೇ ನೇತುಹಾಕಿದೆ. ಐಎಸ್ಒ 125ರ ಜೆಪೆಗ್‌ನಲ್ಲಿ ಹೆಣಿಗೆಯ ಒಂದೊಂದು ಕೊಂಡಿಯೂ ಕಾಣುತ್ತದೆ. ಕೊಂಡಿಯಿಂದ ಹೊರಬಿದ್ದ ಎಳೆಗಳು, ಎಳೆಯ ನೆರಳು ಕೂಡ. 800ರಲ್ಲಿ ಅಕ್ಕಪಕ್ಕದ ಎಳೆಗಳು ಒಂದಕ್ಕೊಂದು ಅಂಟಿ ಬರೀ ಗೀರುಗಳಾದವು. 1600ರಲ್ಲಿ ಹೆಣಿಗೆಯ ಏಣುಗಳಷ್ಟೇ ಉಳಿದವು, ನಡುವಿನ ಜಾಗ ಗಾರೆ ಬಳಿದ ಗೋಡೆಯ ಹಾಗೆ ನುಣ್ಣಗಾಗಿತ್ತು. ಅದೇ ಚಿತ್ರದಲ್ಲಿ, ಒಂದು ಗೇಣು ಆಚೆ, ಕಪ್ಪು ಚೌಕದ ಅಂಚು ಚಾಕುವಿನಿಂದ ಕೊಯ್ದಷ್ಟು ಚೂಪು.

ಕಾರಣ ಕ್ಯಾಮೆರಾದ ಒಳಗಿನ ನಾಯ್ಸ್ ರಿಡಕ್ಷನ್. ಕಪ್ಪು-ಬಿಳಿಯಷ್ಟು ದೊಡ್ಡ ವ್ಯತ್ಯಾಸ ಕಂಡರೆ ಅದು ಅಂಚು ಅಂತ ಗುರುತಿಸಿ ಮುಟ್ಟದೆ ಬಿಡುತ್ತದೆ, ಮೇಲಿಂದ ಶಾರ್ಪ್‌ನೆಸ್ ಕೂಡ ಸೇರಿಸುತ್ತದೆ. ಬೂದಿನ ಪಕ್ಕ ಸ್ವಲ್ಪ ಬೇರೆ ಬೂದು ಕಂಡರೆ ಅದು ಉಣ್ಣೆಯೋ ನಾಯ್ಸೋ ಅಂತ ಅದಕ್ಕೆ ಸುಲಭವಾಗಿ ತಿಳಿಯುವುದಿಲ್ಲ, ಒರೆಸಿಹಾಕುತ್ತದೆ. ಕೂದಲು, ಹುಲ್ಲು, ಬಟ್ಟೆ, ಚರ್ಮ ಎಲ್ಲ ಇಂಥ ಮೆಲುವಾದ ವ್ಯತ್ಯಾಸಗಳೇ. ನಾವು ಚಿತ್ರ ತೆಗೆಯುವುದು ಇವುಗಳನ್ನೇ, ಕಪ್ಪು ಚೌಕಗಳನ್ನಲ್ಲ. ಪ್ರಯೋಗಾಲಯಗಳಲ್ಲಿ ಇದನ್ನು ಅಳೆಯಲೆಂದೇ ಚಿಕ್ಕದು ದೊಡ್ಡದು ಬೂದು ವೃತ್ತಗಳನ್ನು ಒಂದರ ಮೇಲೊಂದು ಚೆಲ್ಲಿದಂತಿರುವ ಚಾರ್ಟ್ ಬಳಸುತ್ತಾರೆ, ಅದಕ್ಕೆ ಡೆಡ್ ಲೀವ್ಸ್ ಅನ್ನುತ್ತಾರೆ. ಮನೆಯಲ್ಲಿ ಪರೀಕ್ಷೆ ಮಾಡುವವರಿಗೆ ಟೋಪಿ ಸಾಕು. ಆದರೆ ಟೋಪಿ ಇಲ್ಲದೆ ಬರೀ ಚಾರ್ಟ್ ನೋಡಿ ತೀರ್ಪು ಕೊಡುವ ಪರೀಕ್ಷೆಯನ್ನು ನಾನಿನ್ನು ನಂಬುವುದಿಲ್ಲ.

ಮೆನುವಿನಲ್ಲಿ ನಾಯ್ಸ್ ರಿಡಕ್ಷನ್ ಕನಿಷ್ಠಕ್ಕೆ ಇಳಿಸಿದರೆ 800ರಲ್ಲಿ ಎಳೆಗಳು ಅರ್ಧಕ್ಕರ್ಧ ವಾಪಸ್ ಬರುತ್ತವೆ. ರಾ ಫೈಲನ್ನು ರಾಥೆರಪಿ ಅನ್ನುವ ತಂತ್ರಾಂಶದಲ್ಲಿ ತೆರೆದು, ಬಣ್ಣದ ಚುಕ್ಕೆಗಳನ್ನು ಮಾತ್ರ ಒರೆಸಿ ಬೂದಿನ ಕಾಳುಗಳನ್ನು ಹಾಗೇ ಬಿಟ್ಟರೆ 1600ರಲ್ಲೂ ಉಣ್ಣೆ ಉಣ್ಣೆಯಾಗಿಯೇ ಕಾಣುತ್ತದೆ. ಕಾಳು ಜಾಸ್ತಿ ಇದೆ, ನಿಜ. ನನಗೆ ಅದೇ ಇಷ್ಟ.

ಸದ್ಯಕ್ಕೆ ನಿಲ್ಲಿಸಿಕೊಂಡಿರುವ ಸೆಟ್ಟಿಂಗ್: ವಿಸ್ತಾರದ ಚಿತ್ರಕ್ಕೆ ಎಫ್/4, ಬೆಳಕು ಕಡಿಮೆಯಿದ್ದಾಗ ಸಂಕೋಚವಿಲ್ಲದೆ ಎಫ್/1.8, ಎಫ್/8 ದಾಟುವ ಮಾತೇ ಇಲ್ಲ. ಆಟೋ ಐಎಸ್ಒ ಮಿತಿ 800, ನಾಯ್ಸ್ ರಿಡಕ್ಷನ್ ಕನಿಷ್ಠ. ಅದಕ್ಕಿಂತ ಮೇಲೆ ಹೋಗಬೇಕಾದರೆ ರಾ.

ಮುಂದಿನದು ಬಣ್ಣ. 24 ಚೌಕದ ಬಣ್ಣದ ಚಾರ್ಟನ್ನು ಬಿಸಿಲು, ನೆರಳು, ಎಲ್‌ಇಡಿ ದೀಪ ಮೂರರಲ್ಲೂ ತೆಗೆಯಬೇಕು. ಬಿಳಿ ಬಿಳಿಯಾಗಿಯೇ ಕಾಣುವಂತೆ ತಾನಾಗಿ ಬಣ್ಣ ಸರಿಮಾಡುವ ಆಟೋ ವೈಟ್ ಬ್ಯಾಲೆನ್ಸ್ ನೆರಳಲ್ಲಿ ನೀಲಿಗೆ ವಾಲುತ್ತಿದೆ ಅಂತ ನನಗೆ ಅನುಮಾನ ಇದೆ. ಹಾಗಾಗಿ ಮೊದಲು ಕೆಳಸಾಲಿನ 6 ಬಿಳಿ-ಬೂದು-ಕಪ್ಪು ಚೌಕಗಳನ್ನೇ ಅಳೆಯುತ್ತೇನೆ.