ತಿರುಮಣಿಯ ಬೇಲಿ ಪಕ್ಕ

ಮಧುಗಿರಿ ದಾಟಿದ ಮೇಲೆ ಬಸ್ಸಿನೊಳಗಿನ ಮಾತು ನಿಧಾನಕ್ಕೆ ತೆಲುಗಿಗೆ ತಿರುಗಿತು. ಪಾವಗಡ ತುಮಕೂರು ಜಿಲ್ಲೆಯದೇ ತಾಲ್ಲೂಕು, ಆದರೆ ಸುತ್ತ ಬಹುಪಾಲು ಆಂಧ್ರ. ಪಕ್ಕದಲ್ಲಿ ಕೂತಿದ್ದ ಹಿರಿಯರು ನಾನು ಶನಿಮಹಾತ್ಮನ ಗುಡಿಗೆ ಹೊರಟವನು ಅಂದುಕೊಂಡಿದ್ದರು. "ಶನಿವಾರ ಬಿಟ್ಟು ಮಂಗಳವಾರ ಬಂದಿದ್ದೀರಲ್ಲಾ?" ಅಂದರು. ಸೋಲಾರ್ ಪಾರ್ಕ್ ನೋಡೋಕೆ ಅಂದೆ. "ಅಲ್ಲೇನಿದೆ ನೋಡೋಕೆ, ಬರೀ ಗಾಜು" ಅಂತ ಕಿಟಕಿ ಕಡೆ ತಿರುಗಿಬಿಟ್ಟರು.

ಪಾವಗಡದಿಂದ ತಿರುಮಣಿಗೆ ಇನ್ನೊಂದು ಬಸ್ಸು. ದೂರದಿಂದ ಮೊದಲು ಕಂಡಾಗ ಕೆರೆ ತುಂಬಿದೆ ಅನ್ನಿಸಿತು. ಬರದ ಸೀಮೆಯಲ್ಲಿ ಇಷ್ಟು ದೊಡ್ಡ ಕೆರೆ ಎಲ್ಲಿಂದ ಬಂತು ಅಂತ ಒಂದು ಕ್ಷಣ ನಿಜಕ್ಕೂ ಯೋಚಿಸಿದೆ. ಹತ್ತಿರ ಹೋದರೆ ಸಾಲು ಸಾಲು ಪ್ಯಾನೆಲ್‌ಗಳು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಅಂತ ಐದು ಊರಿನ ಜಮೀನು, ಸುಮಾರು 13,000 ಎಕರೆ. 2018ರ ಮಾರ್ಚ್‌ನಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿಯಾಯಿತು.

ತಿರುಮಣಿಯ ಟೀ ಅಂಗಡಿಯಲ್ಲಿ ಒಬ್ಬ ಯಜಮಾನರು ಸಿಕ್ಕರು. ಆರು ಎಕರೆ ಕೊಟ್ಟಿದ್ದಾರಂತೆ. ಮಾರಿದ್ರಾ ಅಂತ ಕೇಳಿದ್ದಕ್ಕೆ ಸ್ವಲ್ಪ ಸಿಟ್ಟೇ ಬಂತು. "ಮಾರೋದ್ಯಾಕೆ ಸಾರ್? ಪಹಣಿ ಇನ್ನೂ ನನ್ನ ಹೆಸರಲ್ಲೇ ಐತೆ. ಗುತ್ತಿಗೆ ಅಷ್ಟೇ."

ಈ ಯೋಜನೆಯ ನಿಜವಾದ ಜಾಣತನ ಇರೋದು ಇಲ್ಲೇ. ಸರ್ಕಾರ ಜಮೀನು ಕಿತ್ತುಕೊಳ್ಳಲಿಲ್ಲ, ಬಾಡಿಗೆಗೆ ತಗೊಂಡಿತು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಆರು ಎಕರೆಗೆ ಮೊದಲ ವರ್ಷವೇ 1,26,000. "ಕಡ್ಲೆಕಾಯಿ ಹಾಕ್ತಿದ್ವಿ. ಮಳೆ ಬಂದ್ರೆ ಬೆಳೆ, ಇಲ್ದಿದ್ರೆ ಸಾಲ. ಈಗ ಆಕಾಶ ನೋಡೋ ಕೆಲಸ ಇಲ್ಲ" ಅಂದರು. ಆಮೇಲೆ ತಾವೇ ನಕ್ಕು, "ಬೇರೆ ಕೆಲಸಾನೂ ಇಲ್ಲ" ಅಂತ ಸೇರಿಸಿದರು.

ಟೀ ಕುಡಿಯುತ್ತಾ ಸುಮ್ನೆ ಲೆಕ್ಕ ಹಾಕಿದೆ. ಪಾರ್ಕಿಗೆ ಒಟ್ಟು ಸುಮಾರು 14,800 ಕೋಟಿ ಬಂಡವಾಳ ಬಂದಿದೆ. ಅದರಲ್ಲಿ ಊರಿಗೆ ಇಳಿದದ್ದು ಎಷ್ಟು? ಅಷ್ಟೂ ಎಕರೆ ರೈತರದ್ದೇ ಅಂದುಕೊಂಡರೂ, ಶುರುವಿನ ದರದಲ್ಲಿ ವರ್ಷದ ಬಾಡಿಗೆ 27 ಕೋಟಿ ಚಿಲ್ಲರೆ. ಮಳೆ ನಂಬಿ ಬದುಕಿದ ಹಳ್ಳಿಗಳಿಗೆ ಪ್ರತಿ ವರ್ಷ ತಪ್ಪದೆ ಬರುವ ಇಷ್ಟು ದುಡ್ಡು ಸಣ್ಣದಲ್ಲ. ಉಳಿದದ್ದರಲ್ಲಿ ಬಹುಪಾಲು ಪ್ಯಾನೆಲ್, ಕಬ್ಬಿಣ, ತಂತಿಯ ರೂಪದಲ್ಲಿ ಹೊರಗಿನಿಂದ ಬಂದು ಇಲ್ಲಿ ನೆಟ್ಟುಕೊಂಡಿದೆ. ಕರೆಂಟು ದೊಡ್ಡ ಟವರ್‌ಗಳ ಮೇಲೆ ವಸಂತನರಸಾಪುರದ ಕಡೆಗೆ ಹೋಗುತ್ತದೆ. ಅಲ್ಲಿ ಕಾರ್ಖಾನೆಗಳಿವೆ. ಇಲ್ಲಿ ಅಂಥದ್ದೊಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಪ್ಯಾನೆಲ್ ಕೂರಿಸುವ ಕಾಲದಲ್ಲಿ ಊರ ತುಂಬ ಕೆಲಸ ಇತ್ತು, ಬಾಡಿಗೆ ಮನೆಯೇ ಸಿಗ್ತಿರಲಿಲ್ಲ ಅಂತ ಅಂಗಡಿಯವರು ಹೇಳಿದರು. ಕೂರಿಸಿ ಮುಗಿದ ಪ್ಯಾನೆಲ್‌ಗೆ ಎಷ್ಟು ಜನ ಬೇಕು ಹೇಳಿ? ಧೂಳು ತೊಳೆಯೋಕೆ, ಹುಲ್ಲು ಕುಯ್ಯೋಕೆ, ಕಾವಲು ಕಾಯೋಕೆ, ಅಷ್ಟೇ ಅಲ್ವಾ.

ಅಂಗಡಿ ಪಕ್ಕ ಕೂತಿದ್ದ ಹೆಂಗಸೊಬ್ಬರು ಅಲ್ಲೀವರೆಗೆ ಸುಮ್ಮನಿದ್ದರು. ನಾನು ಏಳುವಾಗ ಯಜಮಾನರ ಕಡೆ ಕೈ ತೋರಿಸಿ ಅಂದರು: "ಅವ್ರ ಹೊಲ್ದಾಗೇ ಕಡ್ಲೆಕಾಯಿ ಕೀಳೋಕೆ ಹೋಗ್ತಿದ್ದೆ. ಹೊಲ ಇದ್ದೋರಿಗೆ ಬಾಡಿಗೆ ಬಂತು. ನಮ್ಗೆ ಕೂಲಿ ಹೋಯ್ತು." ಯಜಮಾನರು ಏನೂ ಅನ್ನಲಿಲ್ಲ. ಗ್ಲಾಸು ತಿರುಗಿಸುತ್ತಾ ಕೂತರು.

ಈ ಮಾತಿಗೆ ಏನು ಉತ್ತರ ಕೊಡೋದು? ಜಮೀನಿಗೆ ಬಾಡಿಗೆ ಕಟ್ಟಿದವರು ಜಮೀನಿನ ಮೇಲೆ ಬದುಕಿದ್ದ ಕೂಲಿಯವರನ್ನು, ಕುರಿಯವರನ್ನು ಲೆಕ್ಕಕ್ಕೇ ಹಿಡಿದಿಲ್ಲ. ಅವರ ಹೆಸರು ಪಹಣಿಯಲ್ಲಿ ಇರಲ್ಲ ನೋಡಿ.

ಮಧ್ಯಾಹ್ನದ ಬಸ್ಸು ತಪ್ಪಿತು. ಮುಂದಿನದಕ್ಕೆ ಎರಡು ಗಂಟೆ ಕಾಯಬೇಕು. ಬೇಲಿ ಗುಂಟ ನಡೆದೆ. ಎಲ್ಲೂ ನೆರಳಿಲ್ಲ, ಇರೋ ನೆರಳೆಲ್ಲ ಬೇಲಿಯೊಳಗೆ ಪ್ಯಾನೆಲ್ ಕೆಳಗೆ. ಪ್ಯಾನೆಲ್ ತೊಳೆದ ನೀರು ಅದರ ಅಂಚಿನಿಂದ ತೊಟ್ಟಿಕ್ಕುತ್ತೆ. ತೊಟ್ಟಿಕ್ಕಿದ ಕಡೆಯೆಲ್ಲ ಗೆರೆ ಎಳೆದಂತೆ ಹಸಿರು ಹುಲ್ಲು, ಮೊಳಕಾಲುದ್ದ. ಹೊರಗಡೆ ಕೆಂಪು ಮಣ್ಣು, ಜಾಲಿ ಗಿಡ. ಒಂದಿಪ್ಪತ್ತು ಕುರಿಗಳು ತಂತಿಗೆ ಮೂತಿ ಒತ್ತಿ ನಿಂತಿದ್ದವು. ಕುರಿ ಕಾಯುವವರು ಕಂಬಳಿ ತಲೆ ಮೇಲೆ ಹೊದ್ದು ಕೂತಿದ್ದರು.

ಒಳಗೆ ಒಬ್ಬ ಹುಡುಗ ಕುಡುಗೋಲು ಹಿಡಿದು ಹುಲ್ಲು ಕುಯ್ಯುತ್ತಿದ್ದ. ಯಾಕೆ ಕುಯ್ಯೋದು ಅಂತ ಕೇಳಿದೆ.

"ಎತ್ತರ ಬೆಳೆದ್ರೆ ಪ್ಯಾನೆಲ್ ಮೇಲೆ ನೆರಳು ಬೀಳ್ತೈತೆ ಸಾರ್. ಒಣಗಿದ್ರೆ ಬೆಂಕಿ ಭಯ."

"ಕುಯ್ದಿದ್ದು ಏನ್ಮಾಡ್ತೀರಾ?"

ಅವನು ತಿರುಗಿ ಕಾವಲಿನವರ ಶೆಡ್ ಕಡೆ ನೋಡಿದ. ಒಂದು ಹೊರೆ ಎತ್ತಿ ಬೇಲಿಯ ಈಚೆಗೆ ಎಸೆದ. ಕುರಿಗಳು ಒಂದರ ಮೇಲೊಂದು ಬಿದ್ದು ಓಡಿಬಂದವು.

"ನಮ್ಮ ಮಾವನ ಕುರಿ ಸಾರ್" ಅಂತ ಹೇಳಿ ಮತ್ತೆ ಬಗ್ಗಿದ.